ಕ್ಷಾಮದ ದಿನಗಳನ್ನು ಅವರು ಹೇಗೆ ಬರೆದರು?

ಪ್ರಶ್ನೆ: ಉಡುಪಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಮಳೆಗಾಲದಲ್ಲಿ ಬೋಟು ನಿಂತಾಗ ಮಲ್ಪೆಯ ಮನೆಗಳಲ್ಲಿ ಆಗುವ ತಾಪತ್ರಯದ ಬಗ್ಗೆ ವರದಿ ಬರೆದೆ. 'ಬರೀ ಗೋಳು ಉಂಟು, ವಿಷಯ ಇಲ್ಲ' ಎಂದು ನಮ್ಮ ಸರ್ ವಾಪಸ್ ಕೊಟ್ಟರು. ಹಿಂದಿನ ಪತ್ರಕರ್ತರು ಇಂಥ ಕಷ್ಟಕಾಲವನ್ನು ಹೇಗೆ ಬರೆಯುತ್ತಿದ್ದರು?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಬೇಸರ ಮಾಡಬೇಡಿ. ಬರೆಯುವವರ ಕರುಳು ಚುರುಕ್ ಎಂದಾಗ ಹೀಗಾಗುವುದೇ ಜಾಸ್ತಿ. 'ಕಣ್ಣೀರ ಕಡಲು', 'ಕತ್ತಲೆಯ ಬದುಕು' ಎಂದೆಲ್ಲ ಬರೆದುಬಿಡುತ್ತೇವೆ. ಓದುವವರಿಗೆ ಮಾತ್ರ ಏನೂ ಕಾಣುವುದಿಲ್ಲ.

1943ರ ಬಂಗಾಳವನ್ನು ನೋಡಿ. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಆದರೂ ಸರ್ಕಾರ 'ಕ್ಷಾಮ' ಎಂದು ಘೋಷಿಸಲೇ ಇಲ್ಲ. ಯುದ್ಧಕಾಲ, ಸೆನ್ಸಾರ್ ಬೇರೆ. ಕಲ್ಕತ್ತದ 'ಸ್ಟೇಟ್ಸ್‌ಮನ್' ಬ್ರಿಟಿಷರದೇ ಪತ್ರಿಕೆ. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಫೋಟೋಗ್ರಾಫರ್‌ಗಳನ್ನು ಬೀದಿಗೆ ಕಳಿಸಿದರು. ಆಗಸ್ಟ್ 22ರ ಭಾನುವಾರ, ಹಸಿದು ಬೀದಿಪಾಲಾದ ಹೆಂಗಸರು, ಮಕ್ಕಳ ಚಿತ್ರಗಳು ಅಚ್ಚಾದವು. ಸುದ್ದಿ ಲಂಡನ್ನಿಗೂ ಮುಟ್ಟಿತು. ಆಮೇಲೆ 'ಅಂಥದ್ದೇನೂ ಇಲ್ಲ' ಎನ್ನುವುದು ಕಷ್ಟವಾಯಿತು.

ನನಗೆ ಅದಕ್ಕಿಂತ ಹತ್ತಿರವಾದವರು ಚಿತ್ತಪ್ರಸಾದ್. ಅವರು ಚಿತ್ರಕಾರರು, ಆದರೆ ಮಾಡಿದ್ದು ವರದಿಗಾರನ ಕೆಲಸ. ಅದೇ ವರ್ಷ ನವೆಂಬರಿನಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿದರು. ಮಸಿಯಲ್ಲಿ ಚಿತ್ರ ಬರೆದು, ಎಷ್ಟೋ ಚಿತ್ರಗಳ ಪಕ್ಕದಲ್ಲಿ ಆ ವ್ಯಕ್ತಿಯ ಹೆಸರು, ಊರು ಗುರುತು ಹಾಕಿದರು. 'ಬಡಪಾಯಿ ರೈತ' ಅಲ್ಲ, ಇಂಥ ಊರಿನ ಇಂಥವನು. ಇವೆಲ್ಲ 'ಹಂಗ್ರಿ ಬೆಂಗಾಲ್' ಎಂಬ ಪುಸ್ತಕವಾಯಿತು. ಅದರ 5000 ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶ ಮಾಡಿತು. ಹೆಸರು, ಊರು ಇದ್ದರೆ ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ, ಅಲ್ವಾ?

ಅಮೆರಿಕದಲ್ಲೂ 1933ರಲ್ಲಿ, ಕೆಲಸವಿಲ್ಲದೆ ಜನ ಕಂಗಾಲಾಗಿದ್ದಾಗ, ಲೊರೆನಾ ಹಿಕಾಕ್ ಎಂಬ ವರದಿಗಾರ್ತಿಯನ್ನು ಸರ್ಕಾರವೇ ಊರೂರಿಗೆ ಕಳಿಸಿತು. ಅಂಕಿಅಂಶ ಬೇಡ, ಜನರ ಜತೆ ಮಾತಾಡಿ, ನಿಮಗೆ ಕಂಡದ್ದನ್ನು ಹೇಳಿ ಎಂಬುದು ಅವರಿಗೆ ಸಿಕ್ಕ ಸೂಚನೆ.

ಈಗ ನಿಮ್ಮ ಮಲ್ಪೆಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಬೋಟು ನಿಲ್ಲುವ ದಕ್ಕೆಗೆ ಇನ್ನೊಮ್ಮೆ ಹೋಗಿ. ಸುಮ್ನೆ ಒಂದು ಗಂಟೆ ಕೂತು ನೋಡಿ. ಬುಟ್ಟಿ ಹೊರುವ ಹೆಂಗಸಿಗೆ ನಿನ್ನೆ ಎಷ್ಟು ಸಿಕ್ಕಿತು? ಅಂಗಡಿಯ ಸಾಲ ಎಷ್ಟಾಗಿದೆ? ಮಕ್ಕಳ ಪುಸ್ತಕಕ್ಕೆ ದುಡ್ಡು ಎಲ್ಲಿಂದ ಬಂತು? ಅದನ್ನೇ ಬರೆಯಿರಿ. 'ಪಾಪ' ಎಂಬ ಮಾತು ಓದುವವರ ಬಾಯಿಂದ ಬರಲಿ, ನಿಮ್ಮ ವರದಿಯಲ್ಲಿ ಬೇಡ.

ಒಂದು ಜಾಗ್ರತೆ ಮಾತ್ರ ಬೇಕು. ಸಾಲದ ಲೆಕ್ಕ ಹೇಳಿದವರ ಹೆಸರು ಹಾಕುವ ಮೊದಲು ಒಪ್ಪಿಗೆ ಕೇಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ನಾಳೆ ಅದೇ ಅಂಗಡಿಗೆ ಅಕ್ಕಿ ತರಲು ಹೋಗಬೇಕಾದವರು ಅವರು.