ಬಲವಾದ ಮೋಟಾರಿಗೆ ಹಳೆಯ ಶೈಲಿಯ ಸ್ಲಾಟ್ ಕಾರ್ ಚಾಸಿಯನ್ನು ಕಟ್ಟುವುದು ಹೇಗೆ?

1960ರ ದಶಕದ ಶೈಲಿಯ, 1/24 ಅಳತೆಯ ಸ್ಲಾಟ್ ಕಾರಿಗೆ (ಟ್ರ್ಯಾಕಿನ ಸೀಳನ್ನು ಹಿಡಿದು ಓಡುವ ಪುಟ್ಟ ವಿದ್ಯುತ್ ಕಾರು) ಬಲವಾದ ಮೋಟಾರ್ ಕೂರಿಸಿದಾಗ ಚಾಸಿ, ಅಂದರೆ ಅದರ ಚೌಕಟ್ಟು, ತಿರುಚಿಕೊಳ್ಳುತ್ತದೆ ಎಂದು ಡೊಂಬಿವಲಿಯಿಂದ ಕೇಳಿದ್ದೀರಿ. ಅಂದಿನವರ ಹಿತ್ತಾಳೆ ಮತ್ತು ಪಿಯಾನೋ ತಂತಿಯ (ಗಡುಸಾದ ಉಕ್ಕಿನ ತಂತಿ) ಕಟ್ಟಣೆಯೇ ಇದಕ್ಕೆ ಇಂದಿಗೂ ಸೂಕ್ತವೆಂದು ನನ್ನ ದೃಢ ಅಭಿಪ್ರಾಯ.

ಮೋಟಾರನ್ನು ಉದ್ದುದ್ದವಾಗಿ ಇಟ್ಟಾಗ, ಅದರ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಇಡೀ ಚೌಕಟ್ಟು ಹೊರಳಲು ನೋಡುತ್ತದೆ. ಆಗ ಒಂದು ಹಿಂಚಕ್ರದ ಹಿಡಿತ ಸಡಿಲವಾಗುವುದಲ್ಲದೆ, ಮೋಟಾರಿನ ಪಿನಿಯನ್ ಮತ್ತು ಆಕ್ಸಲಿನ ಕ್ರೌನ್ ಗೇರುಗಳ ನಡುವಿನ ಅಂತರ ಬದಲಾಗಿ ಹಲ್ಲುಗಳು ಬೇಗ ಸವೆಯುತ್ತವೆ. ಆದ್ದರಿಂದ ಮೋಟಾರಿನ ಬ್ರಾಕೆಟ್ ಮತ್ತು ಹಿಂದಿನ ಆಕ್ಸಲಿನ ಬೇರಿಂಗುಗಳು ಒಂದೇ ಗಟ್ಟಿ ಹಿತ್ತಾಳೆಯ ತುಂಡಿನಲ್ಲಿರಬೇಕು, ಬೇರಿಂಗುಗಳನ್ನು ನೇರವಾದ ಆಕ್ಸಲ್ ತೂರಿಸಿಟ್ಟೇ ಬೆಸೆಯಬೇಕು. ಅಲ್ಲಿಂದ ಮುಂದಕ್ಕೆ ಎರಡೂ ಬದಿಗೆ ಸುಮಾರು 1.6 ಮಿ.ಮೀ. ದಪ್ಪದ ಎರಡೆರಡು ತಂತಿಗಳು ಸಾಕು. ಗೈಡನ್ನು (ಟ್ರ್ಯಾಕಿನ ಸೀಳಿನೊಳಗೆ ಇಳಿದು ಕಾರನ್ನು ನಡೆಸುವ ಮುಂಭಾಗದ ತುಂಡು) ಕೀಲಿನ ಮೇಲೆ ಏರಿಳಿಯುವ ಡ್ರಾಪ್ ಆರ್ಮ್ ಎಂಬ ತೋಳಿಗೆ ಜೋಡಿಸಿದರೆ, ವೇಗ ಹೆಚ್ಚಿಸುವಾಗ ಕಾರಿನ ಮೂತಿ ಎದ್ದರೂ ಗೈಡ್ ಸೀಳಿನಲ್ಲೇ ಉಳಿಯುತ್ತದೆ.

ಬೆಸುಗೆಯೇ ಇಲ್ಲಿನ ಜೀವಾಳ. ತಂತಿಯನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಕೂಡುವೆಡೆಗೆ ತೆಳು ತಾಮ್ರದ ತಂತಿ ಸುತ್ತಿ, ಬೆಸುಗೆ ಹಿಡಿಯಲು ನೆರವಾಗುವ ಆಮ್ಲಯುಕ್ತ ಫ್ಲಕ್ಸ್ ಹಚ್ಚಿ, 60 ವ್ಯಾಟ್‌ಗಿಂತ ಕಡಿಮೆಯಿಲ್ಲದ ಸೋಲ್ಡರಿಂಗ್ ಐರನ್ನಿನಿಂದ ಲೋಹವನ್ನೇ ಕಾಯಿಸಿದರೆ ಸೋಲ್ಡರ್ ತಾನಾಗಿ ಹರಿದು ಒಳಸೇರುತ್ತದೆ. ಐರನ್ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತದೆ. ಹಿತ್ತಾಳೆ ಪಟ್ಟಿಗೆ ನಾಗದೇವಿ ಬೀದಿಯ ಕಡೆ ವಿಚಾರಿಸಿ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಉಳಿದ ಫ್ಲಕ್ಸ್ ಮುಂಬಯಿಯ ಮಳೆಗಾಲದ ತೇವದಲ್ಲಿ ಉಕ್ಕಿನ ತಂತಿಗೆ ಬಲುಬೇಗ ತುಕ್ಕು ಹಿಡಿಸುತ್ತದೆ.