ಹಸಿರು ಓಲೆ: ಅಮ್ಮನ ಧಾರೆ ಸೀರೆ, ಅಜ್ಜನ ಹುಲಿ ಉಗುರು

ಪ್ರಶ್ನೆ: ಅಕ್ಕ, ಬರುವ ಮಾಘದಲ್ಲಿ ಮಗಳ ಮದುವೆ. ಧಾರೆಗೆ ರೇಷ್ಮೆ ಉಡುವುದೇ ಇಲ್ಲ ಎಂದು ಹಟ ಹಿಡಿದಿದ್ದಾಳೆ. ಒಂದು ಸೀರೆಗೆ ಸಾವಿರಾರು ಹುಳು ಸಾಯುತ್ತವಂತೆ. ಬೀಗರು ಏನೆಂದುಕೊಂಡಾರೋ ಎಂಬ ಚಿಂತೆ ನನಗೆ. ಅಹಿಂಸಾ ರೇಷ್ಮೆ ಕೊಂಡರೆ ಆಗುತ್ತದೆಯೇ?
– ಓದುಗರು, ಶಿವಮೊಗ್ಗ

ಮಗಳು ಹೇಳಿದ್ದು ನಿಜ, ಅದನ್ನು ಹಟ ಅನ್ನಬೇಡಿ. ನನ್ನ ತವರು ಕನಕಪುರದ ಕಡೆ, ಹುಳು ಸಾಕುವ ಮನೆಯಲ್ಲೇ ಬೆಳೆದವಳು ನಾನು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಕಳಚುವುದನ್ನು ದಾಟಿದ ಹುಳುವಿಗೆ ಎಲ್ಲಿಲ್ಲದ ಹಸಿವು. ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು, ರಾತ್ರಿಯಿಡೀ ತಟ್ಟೆಗಳಿಂದ ಚರಚರ ಸದ್ದು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆಯ್ದು ಚಂದ್ರಿಕೆ ಎಂಬ ಗೂಡು ಕಟ್ಟಿಸುವ ತಟ್ಟೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತವೆ. ಆ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿ, ನೂಲು ಬಿಚ್ಚುವ ರೀಲರುಗಳ ಕೈ ಸೇರುತ್ತದೆ. ಒಳಗಿನ ಪತಂಗ ಹೊರಗೆ ಬಂದರೆ ಗೂಡು ತೂತಾಗುತ್ತದೆ, ನೂರಾರು ಮೀಟರ್ ಉದ್ದದ ಒಂದೇ ಎಳೆ ತುಂಡು ತುಂಡಾಗುತ್ತದೆ. ಹಾಗಾಗಬಾರದೆಂದೇ ಹಬೆಗೋ ಬಿಸಿಗಾಳಿಗೋ ಇಟ್ಟು ಮೊದಲೇ ಸಾಯಿಸುತ್ತಾರೆ, ಆಮೇಲೆ ಬಿಸಿನೀರಿನಲ್ಲಿ ಬೇಯಿಸಿ ಎಳೆಯ ತುದಿ ಹಿಡಿಯುತ್ತಾರೆ. ಭಾರಿ ಜರಿ ಸೀರೆಯಾದರೆ ಗೂಡಿನ ಲೆಕ್ಕ ಸಾವಿರಗಳಲ್ಲೇ. ಹಾಗೆಂದು ಬೆಳೆಗಾರರನ್ನು ಕಟುಕರೆಂದು ಬೈಯುವವರ ಜೊತೆ ನಾನು ಸೇರಲಾರೆ. ಒಂದೆರಡು ಎಕರೆ ಸೊಪ್ಪನ್ನು ನಂಬಿ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಸೀಮೆಯ ತುಂಬ ಇವೆ.

ಅಹಿಂಸಾ ರೇಷ್ಮೆಗೆ ಹೆಸರು ತಂದವರು ಹೈದರಾಬಾದಿನ ಕುಸುಮ ರಾಜಯ್ಯ. ಪತಂಗ ಹೊರಬಂದ ಮೇಲೆ ಉಳಿದ ಗೂಡನ್ನು ಹತ್ತಿಯಂತೆ ನೂಲುತ್ತಾರೆ. ಹೊಳಪು ಕಡಿಮೆ, ಬೆಲೆ ಹೆಚ್ಚು. ಒಳ್ಳೆಯ ಪ್ರಯತ್ನವೇ. ಆದರೆ ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದ ಆ ಪತಂಗಕ್ಕೆ ಹಾರಲು ಬಾರದು, ತಿನ್ನಲೂ ಬಾರದು. ಮೊಟ್ಟೆಯಿಟ್ಟು ಕೆಲವೇ ದಿನಕ್ಕೆ ಸಾಯುತ್ತದೆ. ಅಸ್ಸಾಮಿನ ಏರಿ ರೇಷ್ಮೆಯನ್ನೂ ಅಹಿಂಸೆಯ ಹೆಸರಿನಲ್ಲಿ ಮಾರುತ್ತಾರೆ. ಅದರ ಗೂಡಿನ ಒಂದು ತುದಿ ತೆರೆದೇ ಇರುತ್ತದೆ, ನಿಜ. ಒಳಗಿನ ಹುಳುವನ್ನು ಅಲ್ಲಿನ ಜನ ಬೇಯಿಸಿ ತಿನ್ನುವ ರೂಢಿಯೂ ಅಷ್ಟೇ ನಿಜ. ಚೀಟಿ ನೋಡಿ ಕೊಳ್ಳಬೇಡಿ, ಪತಂಗ ಹೊರಬಂದ ಗೂಡೇ ಹೌದೇ ಎಂದು ಬಾಯಿಬಿಟ್ಟು ಕೇಳಿ.

ನನ್ನನ್ನು ಕೇಳಿದರೆ, ನಿಮ್ಮ ಧಾರೆ ಸೀರೆಯನ್ನೇ ಬೀರುವಿನಿಂದ ಹೊರಗೆ ತೆಗೆಯಿರಿ. ಮಗಳು ಒಪ್ಪಿದರೆ ಅದಕ್ಕಾಗಿ ಹೊಸದಾಗಿ ಒಂದು ಹುಳುವೂ ಸಾಯಬೇಕಿಲ್ಲ. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಮಡಿಕೆಯ ಗೆರೆಗಳನ್ನು ನೋಡಿ, ರೇಷ್ಮೆ ಮೊದಲು ಬಿರಿಯುವುದು ಅಲ್ಲೇ. ಸಣ್ಣ ಬಿರುಕಾದರೆ ರಫೂ ಮಾಡಿಸಿ, ಹಳೆಯ ಫಾಲ್ ಬಿಚ್ಚಿಸಿ ಹತ್ತಿಯದು ಹಾಕಿಸಿ. ಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತದಿದ್ದರೆ ಮಾತ್ರ ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಹರವಿ. ಜರಿ ಹೆಚ್ಚಿದ್ದರೆ ನೀರು ಮುಟ್ಟಿಸಲೇಬೇಡಿ. ಹಳೆಯ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ. ಅವಳಿಗೆ ಅದೂ ಬೇಡವೆಂದರೆ ಉಡುಪಿಯ ಕೈಮಗ್ಗದ ಹತ್ತಿ ಸೀರೆ ಇದೆ. ಇಳಕಲ್ ಆದರೆ ಸೆರಗೂ ಹತ್ತಿಯದೇ ಇರಲಿ ಎಂದು ಹೇಳಿ ನೇಯಿಸಿ, ಸಾಮಾನ್ಯವಾಗಿ ಅದರ ಸೆರಗಿಗೆ ರೇಷ್ಮೆ ಇರುತ್ತದೆ. ಬೀಗರ ವಿಷಯ: ಅಮ್ಮನ ಸೀರೆ ಉಟ್ಟ ಮದುಮಗಳನ್ನು ಆಡಿಕೊಳ್ಳುವ ಮನೆಯಾದರೆ ಮದುವೆಗೆ ಮುಂಚೆಯೇ ತಿಳಿಯುವುದು ಒಳ್ಳೆಯದು.

ಪ್ರಶ್ನೆ: ಅಜ್ಜನ ಕಾಲದ ಹುಲಿ ಉಗುರಿನ ಪದಕ ಮನೆಯಲ್ಲಿದೆ. ಮಗುವಿನ ನಾಮಕರಣಕ್ಕೆ ಹಾಕಬಹುದೇ?
– ಹೆಸರು ಬೇಡ, ಚಿಕ್ಕಮಗಳೂರು

ಬೇಡ. ಹಾಕುವುದಷ್ಟೇ ಅಲ್ಲ, ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೂರರಿಂದ ಏಳು ವರ್ಷ ಜೈಲು ಆಗಬಹುದು. ಅಜ್ಜ ಕೊಟ್ಟದ್ದು ಎಂಬ ಮಾತು ನಡೆಯುವುದಿಲ್ಲ. ಇಂಥ ವಸ್ತು ಇದ್ದವರು ಘೋಷಿಸಿಕೊಳ್ಳಲಿ ಎಂದು ಸರ್ಕಾರ 2003ರಲ್ಲಿ ಕಾಲಾವಕಾಶ ಕೊಟ್ಟಿತ್ತು, ಅದು ಮುಗಿದ ಕಥೆ. 2023ರ ಅಕ್ಟೋಬರಿನಲ್ಲಿ ಟಿವಿ ಷೋದ ಸ್ಪರ್ಧಿಯೊಬ್ಬರು ಕೊರಳಲ್ಲಿ ಇಂಥ ಪದಕ ಹಾಕಿಕೊಂಡು ಬಂಧನಕ್ಕೆ ಒಳಗಾದದ್ದು ನಿಮಗೂ ನೆನಪಿರಬೇಕು.

ಈಗ ಮಾರಾಟಕ್ಕಿರುವ ಉಗುರುಗಳಲ್ಲಿ ಬಹಳಷ್ಟು ದನದ ಕೊಂಬಿನವು, ಪ್ಲಾಸ್ಟಿಕ್ಕಿನವು. ನಕಲಿಯಾದರೆ ತಪ್ಪೇನು ಎಂದು ಕೇಳುವವರಿದ್ದಾರೆ. ನಕಲಿ ಹಾಕಿದ ಕೊರಳನ್ನು ನೋಡಿಯೇ ಇನ್ನೊಬ್ಬನಿಗೆ ಅಸಲಿಯ ಆಸೆ ಹುಟ್ಟುತ್ತದೆ, ಅದಕ್ಕೆ ಎಲ್ಲೋ ಒಂದು ಉರುಳು ಬೀಳುತ್ತದೆ. 2022ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಕಂಡದ್ದು 563 ಹುಲಿಗಳು, ಮಧ್ಯಪ್ರದೇಶ ಬಿಟ್ಟರೆ ನಾವೇ. ನಿಮ್ಮ ಭದ್ರಾ ಕಾಡಿನಲ್ಲೂ ಹುಲಿ ಓಡಾಡುತ್ತಿದೆ, ಉಗುರು ಅದರ ಕಾಲಲ್ಲೇ ಇರಲಿ. ಮೊದಲು ಒಬ್ಬ ವಕೀಲರನ್ನು ಕಂಡು, ಅವರ ಮೂಲಕ ಪದಕವನ್ನು ಅರಣ್ಯ ಇಲಾಖೆಗೆ ಒಪ್ಪಿಸಿ. ಕದ್ದುಮುಚ್ಚಿ ಮಾರುವುದು, ಸಂಬಂಧಿಕರಿಗೆ ದಾಟಿಸುವುದು ಮಾಡಬೇಡಿ, ಕೇಸು ಇನ್ನಷ್ಟು ಬಿಗಿಯಾಗುತ್ತದೆ. ಮಗುವಿಗೆ ಬೆಳ್ಳಿ ಉಡಿದಾರ ಸಾಕು.

ಪ್ರಶ್ನೆ: ಪಾಲಿಯೆಸ್ಟರ್ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟು ಹತ್ತಿಯವನ್ನೇ ಕೊಳ್ಳಬೇಕೆಂದಿದ್ದೇನೆ. ಸರಿಯೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಸರಿಯಲ್ಲ ತಂಗಿ. ಇರುವುದನ್ನು ಹರಿಯುವ ತನಕ ಉಡು. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ನೀರಿಗೆ ಸೇರುತ್ತದೆ, ಹಾಗಾಗಿ ತಣ್ಣೀರಲ್ಲಿ ಒಗೆ, ಬೆವರು ಹತ್ತದಿದ್ದರೆ ಗಾಳಿಗೆ ಹಾಕಿ ಮತ್ತೆ ಉಡು. ಮುಂದಿನದನ್ನು ಕೊಳ್ಳುವಾಗ ಹತ್ತಿ ನೋಡು. ಮನೆಯ ಹಳೆಯ ನೂಲಿನ ಸೀರೆಗಳನ್ನು ಯಾರಿಗೂ ಕೊಡಬೇಡ, ಕೌದಿ ಹೊಲಿಯುವ ಅಜ್ಜಿಯರು ನಿಮ್ಮ ಕಡೆ ಇನ್ನೂ ಇದ್ದಾರೆ. ಅವರ ಪಕ್ಕ ಕೂತು ಕಲಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮರದಲ್ಲಿ ಗಾಳಿಪಟದ ದಾರಕ್ಕೆ ಹದ್ದು ಸಿಕ್ಕಿಕೊಂಡಿತ್ತು. ಬಿಡಿಸುವಷ್ಟರಲ್ಲಿ ರೆಕ್ಕೆ ಕತ್ತರಿಸಿಹೋಯಿತು. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು?
– ಓದುಗರು, ಬೆಂಗಳೂರು

ಓದಿ ಹೊಟ್ಟೆ ಉರಿಯಿತು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಆದರೂ ಸಿಗುತ್ತಲೇ ಇದೆ. ಮಾರುವ ಅಂಗಡಿ ಕಂಡರೆ ಪೊಲೀಸರಿಗೆ ದೂರು ಕೊಡಿ.

ಹಕ್ಕಿಯ ಮೈಯಿಂದ ದಾರ ಎಳೆಯಬೇಡಿ, ಎಳೆದಷ್ಟೂ ಮಾಂಸಕ್ಕೆ ಇಳಿಯುತ್ತದೆ. ಎತ್ತರದಲ್ಲಿದ್ದರೆ ನೀವೇ ಹತ್ತಬೇಡಿ, ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್‌ನಂಥ ವನ್ಯಜೀವಿ ಆಸ್ಪತ್ರೆಗೆ ಮೊದಲು ಫೋನ್ ಮಾಡಿ. ಕೈಗೆ ಸಿಗುವ ಹಾಗಿದ್ದರೆ ದಪ್ಪ ಟವೆಲನ್ನು ತಲೆಯ ಮೇಲೆ ಹೊದಿಸಿ. ಕಣ್ಣಿಗೆ ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆ. ಕೊಕ್ಕಿಗಿಂತ ಉಗುರಿನ ಬಗ್ಗೆ ಎಚ್ಚರ. ಮೈಗೆ ಅಂಟಿದ ದಾರ ಹಾಗೇ ಇರಲಿ, ಮರದ ಕಡೆಯದನ್ನು ಮಾತ್ರ ಕತ್ತರಿಸಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಅನ್ನ, ಹಾಲು ಕೂಡದು. ಆಷಾಢದ ಗಾಳಿ ಶುರುವಾಗುವ ಮುಂಚೆಯೇ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಮರಗಳಲ್ಲಿ ಜೋತಾಡುವ ದಾರವನ್ನು ಉದ್ದ ಕೋಲಿನಿಂದ ಇಳಿಸಿ, ಚಿಕ್ಕ ಚಿಕ್ಕದಾಗಿ ಕತ್ತರಿಸಿ ಒಣಕಸಕ್ಕೆ ಹಾಕಿ.