ಮೆತ್ತಿನ ಮೇಲಿನ ಮ್ಯಾಕಿಂಟಾಷ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದಿಂದ ಚಿಕ್ಕಪ್ಪ ತಂದ, ಆಪಲ್ ಕಂಪನಿಯ ಹಳೇ ಕಂಪ್ಯೂಟರ್ ಮ್ಯಾಕಿಂಟಾಷ್ ಪ್ಲಸ್ ಇಪ್ಪತ್ತು ವರ್ಷದಿಂದ ಮನೆಯ ಮೆತ್ತಿನ ಮೇಲೆ ಕೂತಿದೆ. ಚಾಲೂ ಮಾಡಿ ನೋಡಬಹುದೇ? ಮೊದಲು ಅಡಿಕೆ ಡ್ರೈಯರ್‌ನಲ್ಲಿ ಒಂದು ದಿನ ಇಟ್ಟು ಒಣಗಿಸಿದರೆ ಹೇಗೆ? (ಶಿರಸಿಯ ಓದುಗರು)

ಉತ್ತರ: ಡ್ರೈಯರ್ ಬೇಡವೇ ಬೇಡ. ಆ ಬಿಸಿಗೆ ಹಳೇ ಪ್ಲಾಸ್ಟಿಕ್ ಸೊಟ್ಟಗಾದೀತು, ಹೊಗೆಯಿದ್ದರೆ ಮಸಿಯೂ ಒಳಗೆ ಕೂರುತ್ತದೆ. ಗಾಳಿಯಾಡುವ ಕೋಣೆಯಲ್ಲಿ ನಾಲ್ಕೈದು ದಿನ ಬಿಟ್ಟರೆ ಸಾಕು. ಮಳೆಗಾಲವಾಗಿದ್ದರೆ ದೀಪಾವಳಿ ಕಳೆಯುವತನಕ ಕಾಯುವುದು ಲೇಸು.

ಪ್ಲಗ್ ಹಾಕುವ ಮೊದಲು ಹಿಂಬದಿಯ ಲೇಬಲ್ ಓದಿ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಪ್ಲಸ್ 120 ವೋಲ್ಟಿನದು. ನಮ್ಮ 230 ವೋಲ್ಟನ್ನು ನೇರ ಕೊಟ್ಟರೆ ಪವರ್ ವಿಭಾಗ ಅಲ್ಲೇ ಸುಡುತ್ತದೆ. 230ರಿಂದ 110ಕ್ಕೆ ಇಳಿಸುವ 200 ವಿಎ ಟ್ರಾನ್ಸ್‌ಫಾರ್ಮರ್ ತನ್ನಿ. ಆವರ್ತನ 50 ಹರ್ಟ್ಸ್ ಎಂಬ ಚಿಂತೆ ಬೇಡ, ಒಳಗಿರುವುದು ಎಸ್‌ಎಂಪಿಎಸ್, ಅಂದರೆ ಆವರ್ತನ 50 ಇರಲಿ 60 ಇರಲಿ ನಡೆಯುವ ಬಗೆಯ ಪವರ್ ಸಪ್ಲೈ.

ಆಮೇಲೆ ಬ್ಯಾಟರಿ. ಹಿಂಬದಿಯ ಸಣ್ಣ ಮುಚ್ಚಳದೊಳಗೆ 4.5 ವೋಲ್ಟಿನ ಸೆಲ್ ಇದೆ, ಪೆಟ್ಟಿಗೆ ಬಿಚ್ಚದೆಯೇ ತೆಗೆಯಬಹುದು. ಸೋರಿದ್ದರೆ ತಗಡನ್ನು ವಿನಿಗರ್ ಅದ್ದಿದ ಹತ್ತಿಯಿಂದ ಒರೆಸಿ, ನಂತರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ. ಸೆಲ್ ಇಲ್ಲದೆಯೂ ಯಂತ್ರ ನಡೆಯುತ್ತದೆ. ಗಡಿಯಾರ ಮತ್ತು ಸೆಟ್ಟಿಂಗ್ ಮರೆಯುತ್ತದೆ, ಅಷ್ಟೇ.

ಪೆಟ್ಟಿಗೆ ಬಿಚ್ಚಲೇಬೇಕಾದರೆ ಐದು ಸ್ಕ್ರೂ: ಎರಡು ಹಿಡಿಕೆಯ ಆಳದಲ್ಲಿ, ಎರಡು ಕೆಳಗೆ, ಒಂದು ಆ ಬ್ಯಾಟರಿ ಮುಚ್ಚಳದೊಳಗೆ. ಟಿ-15 ಟಾರ್ಕ್ಸ್ (ನಕ್ಷತ್ರ ಮೊನೆಯ) ಸ್ಕ್ರೂಡ್ರೈವರ್ ಬೇಕು, ಕಡ್ಡಿ 20 ಸೆಂ.ಮೀ.ಗಿಂತ ಉದ್ದವಿರಬೇಕು. ಪರದೆಯನ್ನು ಬೋರಲು ಮಾಡಿ ಮೆತ್ತನೆಯ ಬಟ್ಟೆಯ ಮೇಲಿಟ್ಟು, ಹಿಂಭಾಗವನ್ನು ನೇರ ಮೇಲಕ್ಕೆ ಎಳೆಯಿರಿ. ಓರೆ ಮಾಡಿದರೆ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ತಾಗುತ್ತದೆ. ಅದು ಚಿಟ್ ಎಂದರೆ ಟ್ಯೂಬು ಮುಗಿಯಿತು.

ಟ್ಯೂಬಿನಲ್ಲಿ ಸುಮಾರು 12,000 ವೋಲ್ಟ್ ಉಳಿದಿರಬಹುದು. ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟರೂ ನಂಬಬೇಡಿ. ಇದಕ್ಕೆ ಕಂಪ್ಯೂಟರ್ ಅಂಗಡಿಯ ಹುಡುಗರಿಗಿಂತ ಹಳೇ ಡಬ್ಬಾ ಟೀವಿ ರಿಪೇರಿ ಮಾಡಿದವರೇ ವಾಸಿ. ಇಎಚ್‌ಟಿ (ಟ್ಯೂಬಿನ ಆ ಭಾರೀ ವೋಲ್ಟೇಜ್) ಎಂದರೆ ಸಾಕು, ಡಿಸ್‌ಚಾರ್ಜ್ ಮಾಡುವುದು ಅವರಿಗೆ ಗೊತ್ತು. ಅವರಿಗೆ ಎರಡು ಮಾತು ಹೇಳಿ. ಪ್ಲಸ್‌ಗೆ ಫ್ಯಾನಿಲ್ಲ, ಬಿಸಿಗೆ ಹಿಗ್ಗಿ ಕುಗ್ಗಿ ಯೋಕ್ (ಟ್ಯೂಬಿನ ಕುತ್ತಿಗೆಯ ಸುರುಳಿ) ಕನೆಕ್ಟರ್ ಮತ್ತು ಫ್ಲೈಬ್ಯಾಕ್ (ಭಾರೀ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಕಾಲುಗಳ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಪರದೆಯ ನಡುವೆ ಒಂದೇ ನಿಂತ ಗೆರೆ, ಎಡಪಕ್ಕಕ್ಕೆ ತಟ್ಟಿದರೆ ಚಿತ್ರ ಮರಳುವುದು ಇದರದೇ ಲಕ್ಷಣ. ಹಳೇ ಬೆಸುಗೆ ಹೀರಿ ತೆಗೆದು ಹೊಸದು ಹಾಕಬೇಕು. ಬರೀ ಕಾಯಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಪಾಡು. ಎರಡನೆಯದು, ಕೆಲವು ಬೋರ್ಡುಗಳಲ್ಲಿ ವಿದ್ಯುತ್ ಒಳಬರುವಲ್ಲಿ ಜೇನುಬಣ್ಣದ ಕವಚದ ಕೆಪಾಸಿಟರ್ ಇರುತ್ತದೆ. ಕವಚದ ಬಿರುಕಿನಲ್ಲಿ ತೇವ ಹೀರಿದ್ದರೆ ಚಾಲೂ ಮಾಡಿದ ಕೆಲವೇ ನಿಮಿಷಕ್ಕೆ ಹೊಗೆ. ನಮ್ಮ ಮಳೆನಾಡಿನಲ್ಲಿ ಕೇಳಬೇಕೇ? ಅದೇ ಅಳತೆಯ ಎಕ್ಸ್2 ದರ್ಜೆಯದನ್ನು (ಮೇನ್ಸ್ ವಿದ್ಯುತ್ತಿಗೆಂದೇ ಮಾಡಿದ ಸುರಕ್ಷಿತ ಬಗೆ) ಹಾಕಿಸಿ.

ಚಾಲೂ ಆದ ಮೇಲೆ ಹಿಂಬದಿಯ ಫ್ಲಾಪಿ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ: 1ರಿಂದ 4ನೇ ಪಿನ್ ಅರ್ತ್, 6ರಲ್ಲಿ 5 ವೋಲ್ಟ್, 7 ಮತ್ತು 8ರಲ್ಲಿ 12. 5 ವೋಲ್ಟ್ ಬರಬೇಕಾದ ಜಾಗದಲ್ಲಿ 4.8ಕ್ಕೂ ಕಡಿಮೆ ಬಂದರೆ ಯಂತ್ರ ತಂತಾನೇ ರೀಸೆಟ್ ಆಗುತ್ತಿರುತ್ತದೆ. ಪರದೆಯಲ್ಲಿ ಫ್ಲಾಪಿ ಚಿತ್ರ, ಅದರೊಳಗೆ ಮಿನುಗುವ ಪ್ರಶ್ನಾರ್ಥಕ ಕಂಡರೆ ಸಂತೋಷಪಡಿ. ಅದು ಕೇಳುವುದು ಸಿಸ್ಟಮ್ ಡಿಸ್ಕನ್ನು; ಪ್ಲಸ್‌ನ ಒಳಗೆ ಹಾರ್ಡ್ ಡಿಸ್ಕೇ ಇಲ್ಲ.

ಪ್ರಶ್ನೆ: ಅದೇ ಕಾಲದ ಫ್ಲಾಪಿಗಳನ್ನು ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳುತ್ತದೆ. ಹಾಳಾಗಿವೆಯೇ? (ಕುಮಟಾದ ಓದುಗರು)

ಉತ್ತರ: ‘ಬೇಡ’ ಒತ್ತಿ, ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದಿಡಿ, ಆಗ ಬರೆಯಲಾಗದು. ಫ್ಲಾಪಿ ಚೆನ್ನಾಗಿಯೇ ಇರಬಹುದು. ಆಪಲ್‌ನ 400 ಮತ್ತು 800 ಕೆಬಿ ಡ್ರೈವುಗಳು ಹೊರ ಟ್ರ್ಯಾಕಿನಲ್ಲಿ (ಮಾಹಿತಿ ಬರೆಯುವ ವೃತ್ತ) ನಿಮಿಷಕ್ಕೆ ಸುಮಾರು 394 ಸುತ್ತು, ಒಳ ಟ್ರ್ಯಾಕಿನಲ್ಲಿ 590 ಸುತ್ತು ತಿರುಗಿಸುತ್ತವೆ. ಹೊರ ಟ್ರ್ಯಾಕಿನಲ್ಲಿ 12 ಸೆಕ್ಟರ್ (ತುಂಡು), ಒಳಗಿನದರಲ್ಲಿ 8. ಪಿಸಿ ಡ್ರೈವಿನದು ಒಂದೇ ವೇಗ, 300. ಬರೆಯುವ ಸಂಕೇತವೂ ಬೇರೆ. ಯುಎಸ್‌ಬಿ ಡ್ರೈವಿನಿಂದ ಎಂದೂ ಆಗದು. ಹಳೇ ಪಿಸಿಯ ಡ್ರೈವಿಗೆ ಗ್ರೀಸ್‌ವೀಝಲ್ ಎಂಬ ಬೋರ್ಡು ಜೋಡಿಸಿದರೆ ಕಾಂತೀಯ ಗುರುತನ್ನು ಇದ್ದಂತೆಯೇ ಎತ್ತಿಕೊಳ್ಳಬಹುದು.

ಅದಕ್ಕೂ ಮುನ್ನ ತಗಡಿನ ಬಾಗಿಲು ಸರಿಸಿ, ನಡುವಿನ ಚಕ್ರ ತಿರುಗಿಸಿ ನೋಡಿ. ಬಿಳಿ ಚುಕ್ಕೆ ಕಂಡರೆ ಬೂಷ್ಟು. ಅಂಥ ಒಂದು ಫ್ಲಾಪಿ ಹಾಕಿದರೆ ಹೆಡ್‌ಗೆ ಮೆತ್ತಿಕೊಂಡು ಮುಂದಿನವನ್ನೆಲ್ಲ ಗೀರುತ್ತದೆ.

ಪ್ರಶ್ನೆ: ಪರದೆ, ಯಂತ್ರ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬಂದದ್ದು ಮ್ಯಾಕಿಂಟಾಷ್‌ನಿಂದಲೇ ಅಲ್ಲವೇ? (ಹೊನ್ನಾವರದ ಓದುಗರು)

ಉತ್ತರ: ಅಲ್ಲ. ಮೊದಲ ಮ್ಯಾಕಿಂಟಾಷ್ 1984ರ ಜನವರಿಯದು. 1977ರಲ್ಲೇ ಕಮೊಡೋರ್ ಪೆಟ್ 2001 ಪರದೆ, ಕೀಲಿಮಣೆ, ಕ್ಯಾಸೆಟ್ ಮೂರನ್ನೂ ಒಂದೇ ಮೈಯಲ್ಲಿ ಹೊತ್ತು ಬಂದಿತ್ತು. 1984ರ ಸುಮಾರಿಗೆ ಕ್ಲಾಸ್ ಎಂಬ ಕಂಪ್ಯೂಟರ್ ಕಲಿಕೆಯ ಸರ್ಕಾರಿ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಈ ಜಾತಿಯದಲ್ಲ. ಅದರ ಪರದೆ ಬೇರೆ.

ಪ್ರಶ್ನೆ: ಸಮುದ್ರದ ದಂಡೆಯ ಮನೆ. ಇಂಥದ್ದನ್ನು ಹೇಗೆ ಇಡಬೇಕು? (ಕಾರವಾರದ ಓದುಗರು)

ಉತ್ತರ: ಪ್ಲಾಸ್ಟಿಕ್ ಚೀಲದಲ್ಲಿ ಬರಿದೇ ಸುತ್ತಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅರ್ಧ ಕಿಲೋ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಗುಲಾಬಿಯಾದಾಗ 120 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿದರೆ ಮತ್ತೆ ನೀಲಿ. ಅಡುಗೆ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ, ಆ ನೀಲಿ ಕೋಬಾಲ್ಟ್‌ನದು. ಮೇಜಿನ ಮೇಲೇ ಇಡುವುದಾದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ತಾಸು ಚಾಲೂ ಇಡಿ; ಗುಡುಗಿನ ದಿನ ಪ್ಲಗ್ ಕಿತ್ತಿಡಿ.